ಏಳಲೊಲ್ಲದ ಸಮುದ್ರದ ಬೂಷ್ಟು

ಬೂಷ್ಟಿನಷ್ಟು ಹಟಮಾರಿ ಜೀವ ಇನ್ನೊಂದಿಲ್ಲ. ಬೇಡವೆಂದಲ್ಲಿ ಕರೆಯದೆ ಬರುತ್ತದೆ, ಬಾರಪ್ಪಾ ಎಂದು ಗೋಗರೆದಲ್ಲಿ ಮುಖ ತಿರುಗಿಸುತ್ತದೆ. ನಾನು ಹೊಟ್ಟೆ ಹೊರೆಯುವುದೇ ಅದನ್ನು ಗೋಗರೆದು. ಕಡಲಿಂದ ಬಲು ದೂರದ ಸಂಭಾಜಿನಗರದ ಒಂದು ಪ್ರಯೋಗಾಲಯದಲ್ಲಿ ಸಮುದ್ರದ ಬೂಷ್ಟು ಬೆಳೆಸಿ, ಅದರ ರಸದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವಂಥದ್ದೇನಾದರೂ ಇದೆಯೇ ಎಂದು ಹುಡುಕುವುದು ನನ್ನ ಕೆಲಸ. ಆ ಊರಿಗೂ ಸಮುದ್ರಕ್ಕೂ ಏನು ಸಂಬಂಧ ಎನ್ನಬೇಡಿ. ಉಪ್ಪು ತೂಗಿ, ನೀರಿಗೆ ಕದಡಿ, ಸಮುದ್ರವನ್ನು ನಾನೇ ಮಾಡುತ್ತೇನೆ. ಸೀಸೆಗಳು ಯಂತ್ರದ ಮೇಲೆ ತೂಗಾಡುವಾಗ ಸಣ್ಣ ಅಲೆಗಳ ಸದ್ದು. ಕಣ್ಣು ಮುಚ್ಚಿದರೆ ಸಾಕು, ಕಲಬುರಗಿಯ ಬಿಸಿಲಲ್ಲಿ ಬೆಳೆದ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತೇನೆ. ಸರಿಯಾಗಿ ಆಗಲೇ ಹಿಂದಿನಿಂದ ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ, ಕೆಮ್ಮುತ್ತಾರೆ.

ಕೊಂಕಣದ ಕಡಲಲ್ಲಿ ತೇಲಿ ಬಂದ ಮರದ ತುಂಡಿನ ಬೂಷ್ಟೊಂದು ಮೊದಲ ಸಲ ಭರವಸೆ ತೋರಿಸಿ, ಆಮೇಲೆ ಬೆಳೆಯಲೊಲ್ಲೆನೆಂದು ಕೂತಿತು. ಅದೇ ಹೊತ್ತಿಗೆ ನಾಸಿಕದಲ್ಲಿರುವ ನನ್ನ ಅಕ್ಕನಿಗೆ ಎದೆಯಲ್ಲಿ ಗಂಟು ಸಿಕ್ಕಿ ಚಿಕಿತ್ಸೆ ಶುರುವಾಯಿತು. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಮನೆತನದ ಮಾನವೇ ಹೋಯಿತೆನ್ನುವವಳು, ಈಗ ದಿನಾ ಫೋನು ಮಾಡಿ ಬೂಷ್ಟಿನ ಕ್ಷೇಮ ಕೇಳತೊಡಗಿದಳು. ಮರಾಠಿ ನೆಲದಲ್ಲಿ ಸಂಸಾರ ಮಾಡಿ ಮಾಡಿ ಅವಳ ಬಾಯಲ್ಲಿ ಅದು ಬುರಶಿಯಾಗಿದೆ.

"ನಿನ್ನ ಬುರಶಿ ಎದ್ದದೇನೋ ತಮ್ಮಾ?"

"ಇನ್ನಾ ಮಲ್ಕೊಂಡದ ಅಕ್ಕಾ. ಎದ್ರೂ ಔಷಧ ಆಗ್ಲಿಕ್ಕ ಭಾಳ ವರ್ಷ ಬೇಕು. ಗಾಜಿನ ತಟ್ಟಿಯಾಗಿನ ಕೋಶ ಏನು, ಫಿನಾಯಿಲ್ ಹಾಕಿದ್ರೂ ಸಾಯ್ತಾವ."

"ಗೊತ್ತದೋ ಯಪ್ಪಾ. ನನಗ ಬೇಕಾದ ಔಷಧ ಡಾಕ್ಟರ್ ಕೊಡ್ಲಿಕತ್ತಾರ. ನಿನ್ನ ಬುರಶಿ ಸುದ್ದಿ ಕೇಳಿದ್ರ ನನಗ ನಿದ್ದಿ ಬರ್ತದ, ಅಷ್ಟ."

ಅವಳಿಗೇನೋ ನಿದ್ದೆ ಬರುತ್ತಿತ್ತು. ಅಕ್ಕ ಉಳಿಯುತ್ತಾಳೋ ಇಲ್ಲವೋ ಎಂಬ ಹೆದರಿಕೆಯಲ್ಲಿ ನನ್ನ ನಿದ್ದೆ ಹಾರಿಹೋಗಿತ್ತು.

ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ ನಾಸಿಕಕ್ಕೆ ಹೊರಟೆ. ಬೂಷ್ಟು ಹಿಂದಿನ ದಿನವಷ್ಟೇ ಪೂರ್ತಿ ಸತ್ತಿತ್ತು, ಅದನ್ನು ಹೇಗೆ ಹೇಳುವುದು? ಮನ್ಮಾಡ್ ದಾಟುತ್ತಲೇ ರೈಲಿನಲ್ಲಿ ತೂಕಡಿಕೆ ಬಂತು. ಹೊಲಗಳೆಲ್ಲ ನೀರಾಗಿ, ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಅದರ ಮೇಲೆ ನಿಧಾನವಾಗಿ ತೇಲಿಹೋದವು.

ಬಾಗಿಲು ತೆರೆದವಳಿಗೆ ತಡೆಯಲಾರದೆ ಹೇಳಿಬಿಟ್ಟೆ: "ಅಕ್ಕಾ, ಅದು ಸತ್ತೇ ಹೋಯ್ತು."

"ಹೋಗ್ಲಿ ಬಿಡು," ಎಂದು ಅಕ್ಕ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕೂದಲೆಲ್ಲ ಉದುರಿ ಬೋಳಾಗಿದ್ದ ತಲೆಯ ಮೇಲೆ ಬೂದುಬಣ್ಣದ, ಮೆತ್ತನೆಯ ಹೊಸ ಕೂದಲು. "ನೋಡಿಲ್ಲಿ. ನಿನ್ನ ಸೀಸೆದಾಗ ಏಳ್ಲಾರದ ಬುರಶಿ ನನ್ನ ತಲಿಮ್ಯಾಲ ಎದ್ದದ!"

ಇಷ್ಟು ಚೆಂದದ ಬೆಳೆಯನ್ನು ನನ್ನ ವೃತ್ತಿಯಲ್ಲೇ ನಾನು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಮುಟ್ಟಿ ನೋಡಲೆಂದು ಕೈ ಚಾಚಿದೆ.

"ಏ, ದೂರ!" ಅಕ್ಕ ತಟ್ಟನೆ ಹಿಂದೆ ಸರಿದಳು. "ಮೊದಲ ಕೈ ತೊಳ್ಕೊಂಡು ಬಾ. ನೀ ಮುಟ್ಟಿದ್ ಬುರಶಿ ಉಳಿಯೂದಿಲ್ಲ."