ಓನರ್ ಫೋಟೋಗೆ ಚೆಂಡುಹೂವಿನ ಹಾರ

ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕಿಂಗ್ ನೋಡಿಕೊಳ್ಳುವ ನಾನೂ ಕ್ಯಾಮೆರಾ ಹಿಡಿದರೆ ಮಹಾನ್ ಕಲಾವಿದ ಎಂದು ಲೋಕಕ್ಕೆ, ಮುಖ್ಯವಾಗಿ ಹೆಂಡತಿ ಸೌಮ್ಯಾಗೆ, ತೋರಿಸಿಯೇ ತೀರುತ್ತೇನೆಂದು ತೊಂಬತ್ತಾರರ ಯುಗಾದಿಗೆ ಶಪಥ ಮಾಡಿದ್ದೆ. ಮುಂದಿನ ಸಂಕ್ರಾಂತಿ ಹೊತ್ತಿಗೆ ಗೆದ್ದೂಬಿಟ್ಟೆ! ಮೈಸೂರಿನಲ್ಲಿ ಹೊಸದಾಗಿ ತೆರೆದ ಫೋಟೋ ಮ್ಯೂಸಿಯಂನವರು 'ಇಂದಿನ ಮುಖಗಳು' ಪ್ರದರ್ಶನಕ್ಕೆ ನನ್ನ ಫೋಟೋ ಆರಿಸಿದ್ದರು.

ಮುಖ ಯಾರದು? ನಮ್ಮ ಚಂದಾಪುರದ ಬಾಡಿಗೆ ಮನೆಯ ಓನರ್ ಹನುಮಂತರಾಯಪ್ಪನವರದು. ಕಪ್ಪು ಬಿಳುಪು, ಬರಿದಲೆ, ನೆಟ್ಟ ನೋಟ. "ನಗಬೇಡಿ, ನಕ್ಕರೆ ಕಲೆ ಕೆಡುತ್ತೆ" ಎಂದು ಅಪ್ಪಣೆ ಕೊಟ್ಟು ತೆಗೆದದ್ದು.

ಆದರೆ ಅದೇ ವಾರ ಓನರ್ ಬಾಗಿಲಿಗೆ ಬಂದು, "ಬ್ಯಾಸರ ಮಾಡ್ಕಾಬ್ಯಾಡಿ ಸಾರ್, ತಿಂಗ್ಳ ಕೊನೆಗೆ ಮನೆ ಕಾಲಿ ಮಾಡ್ಕೊಡಿ, ನಮ್ಗೇ ಬೇಕಾಗೈತೆ" ಅಂದರು. ಕಾರಣ ಕೇಳಿದರೆ ಆಕಾಶ ನೋಡಿದರು. ಈಚೆಗೆ ಅವರು ಬಿಸಿಲಿರಲಿ ಬಿಡಲಿ, ಅಂಗಳ ದಾಟಲೂ ಕೊಡೆ ಹಿಡಿಯುತ್ತಿದ್ದರು. ಮಗಳು ಶಿವಾನಿಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಎರಡು ತಿಂಗಳಲ್ಲಿತ್ತು. ಈಗ ಗಂಟುಮೂಟೆ ಕಟ್ಟಿ ಎಲ್ಲಿಗೆ ಹೋಗುವುದು? ನನಗೆ ನಿಜಕ್ಕೂ ಭಯವಾಯಿತು.

"ಚಿಂತೆ ಬಿಡು! ಮೈಸೂರಿಗೆ ಕರ್ಕೊಂಡು ಹೋಗಿ ಗೋಡೆ ಮೇಲೆ ಅವರ ಮುಖ ತೋರಿಸ್ತೀನಿ. ಕರಗಿ ನೀರಾಗ್ತಾರೆ!" ಎಂದೆ.

"ನೀವು ತೆಗೆದ ಫೋಟೋ ನೋಡಿನಾ? ನಾಳೇನೇ ಖಾಲಿ ಮಾಡಿಸ್ತಾರೆ ಕಣ್ರೀ" ಎಂದಳು ಸೌಮ್ಯಾ.

ಭಾನುವಾರ ದಂಡು ಹೊರಟಿತು. ಓನರ್, ಅವರ ಹೆಂಡತಿ ಅಂಜಿನಮ್ಮ, ನಾವಿಬ್ಬರು, ಜೊತೆಗೆ ಹಾವೇರಿಯಿಂದ ಹಿಂದಿನ ದಿನವಷ್ಟೇ ಬಂದಿದ್ದ ನಮ್ಮತ್ತೆ ಮಹಾಂತಮ್ಮ. ಅತ್ತೆಗೆ ಕಣ್ಣು ಮಂಜು. ಅವರು ಓನರ್‌ರನ್ನು ನೋಡಿದ್ದೂ ಬಸ್ಸಿನಲ್ಲೂ ಮಡಿಸದ ಕೊಡೆಯ ಕೆಳಗೇ, ಗದ್ದದಿಂದ ಕೆಳಗೆ ಮಾತ್ರ. ಸಂಜೆ ಬೆಟ್ಟ ಹತ್ತಿ ಚಾಮುಂಡಿಗೆ ಹಾಕಲೆಂದು ಒಂದು ಮಾರು ಚೆಂಡುಹೂವಿನ ಹಾರ ಚೀಲದಲ್ಲಿಟ್ಟುಕೊಂಡಿದ್ದರು.

ಮ್ಯೂಸಿಯಂ ಬಾಗಿಲಲ್ಲೇ ವಿಘ್ನ! ಕಾವಲುಗಾರ, "ಕೊಡೆ ಇಲ್ಲೇ ಬಿಡಿ ಯಜಮಾನ್ರೇ" ಎಂದ.

"ಪ್ರಾಣ ಬೇಕಾದ್ರೆ ಬುಡ್ತೀನಿ, ಕೊಡೆ ಬುಡಕಿಲ್ಲ!" ಎಂದರು ಓನರ್.

ನಾನು ನಡುವೆ ನಿಂತು ಸಂಧಾನಕ್ಕಿಳಿದೆ. ಕಾದು ಬೇಸತ್ತ ಅತ್ತೆ ಒಳಗೆ ನಡೆದರು. ಹಿಂದೆಯೇ ಅಂಜಿನಮ್ಮ, ಸೌಮ್ಯಾ ಹೋದರು. ಎರಡು ನಿಮಿಷ ಕಳೆದಿರಲಿಲ್ಲ, ಒಳಗಿನಿಂದ ಕಟ್ಟಡ ನಡುಗುವಂಥ ಗೋಳು!

"ಅಯ್ಯಯ್ಯೋ! ನನ್ ತಾಳಿ ಗಟ್ಟಿಯಾಗಿರೋವಾಗ್ಲೇ ಆರ ಆಕ್ಬುಟ್ರಲ್ಲಪ್ಪೋ!"

ಓಡಿದೆ. ನನ್ನ ಮಹಾನ್ ಕಲಾಕೃತಿಯ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ! ಚೌಕಟ್ಟಿಗೆ ಚೆಂಡುಹೂವಿನ ಹಾರ! ಕೆಳಗೆ ಅಂಜಿನಮ್ಮ ಎದೆ ಬಡಿದುಕೊಂಡು ಅಳುತ್ತಿದ್ದರು. ಆಳೆತ್ತರದ ಕಪ್ಪು ಬಿಳುಪು ಫೋಟೋ, ಮೇಲೊಂದು ದೀಪ, ಸುತ್ತ ಸದ್ದಿಲ್ಲದೆ ನಿಂತ ಜನ. ಇಷ್ಟನ್ನು ಕಂಡ ಅತ್ತೆ ಇವರು ಈ ಮನೆಯ ಗತಿಸಿದ ಹಿರಿಯರೆಂದು ತೀರ್ಮಾನಿಸಿ, ಮರ್ಯಾದೆ ಸಲ್ಲಿಸಿದ್ದರು. ಅಳುವವಳು ಜೊತೆಗೆ ಬಂದ ಅಂಜಿನಮ್ಮನೆಂದು ಮಂಜುಗಣ್ಣಿಗೆ ತಿಳಿಯದೆ, ಈಗ ಸಮಾಧಾನವನ್ನೂ ಹೇಳುತ್ತಿದ್ದರು.

"ಸುಮ್ನಾಗವ್ವಾ. ನಿನಗ ಏನಾಗಬೇಕಿತ್ತು ಇವ್ರು?"

"ನನ್ ಗಂಡ ಕಣವ್ವಾ!"

"ಅಯ್ಯ ಶಿವನ! ಯಾವಾಗ ಲಿಂಗೈಕ್ಯ ಆದ್ರು?"

ಅಷ್ಟರಲ್ಲಿ ಕೊಡೆಯಿಲ್ಲದೆ, ಬರಿದಲೆಯಲ್ಲಿ ಓನರ್ ನುಗ್ಗಿದರು. ಅತ್ತೆ ಫೋಟೋ ನೋಡಿದರು, ಅವರನ್ನು ನೋಡಿದರು. "ತಮ್ಮನೇನವ್ವಾ? ಅಣ್ಣತಮ್ಮ ಒಂದ ಅಚ್ಚು ನೋಡು!" ಎಂದರು. ಪಾಪ, ಕಾವಲುಗಾರ ಟೋಪಿ ತೆಗೆದು ತಲೆ ಬಾಗಿಸಿ ನಿಂತ.

ವಾಪಸು ಬರುವಾಗ ಮದ್ದೂರಿನಲ್ಲಿ ವಡೆ ಕೊಡಿಸಿದೆ, ಅಂಜಿನಮ್ಮ ಮುಟ್ಟಲಿಲ್ಲ. ರಾತ್ರಿಯೇ ಪಾತ್ರೆಗಳನ್ನು ಗೋಣಿಗೆ ತುಂಬಿದೆವು.

ಬೆಳಿಗ್ಗೆ ಓನರ್ ಬಂದರು. ಕೈಯಲ್ಲಿ ಕೊಡೆಯಿಲ್ಲ! ಬದಲಿಗೆ ತಟ್ಟೆಯಲ್ಲಿ ಸೀರೆ, ಬಾಳೆಹಣ್ಣು.

"ಮನೆ ಕಾಲಿ ಮಾಡ್ಬ್ಯಾಡಿ ಸಾರ್. ದೋಸ ಕಳೀತು!"

"ಯಾವ ದೋಷ?"

"ಕಾಗೆ ತಲೆ ಮುಟ್ಬುಟ್ಟಿತ್ತು ಸಾರ್! ಸತ್ತೋದ್ರು ಅಂತ ಸುಳ್ ಸುದ್ದಿ ಕಳ್ಸಿ ಯಾರಾದ್ರೂ ಅತ್ರೆ ದೋಸ ಓಯ್ತದೆ, ಇಲ್ದಿದ್ರೆ ಮೂರು ತಿಂಗ್ಳು ಮನೆ ಬುಟ್ಟಿರಿ ಅಂದ್ರು ಸಾಸ್ತ್ರದೋರು. ತಂಗಿಗೆ ಸುದ್ದಿ ಕಳಿಸ್ದೆ. ಅಳೋದು ಬುಟ್ಟು ನಂಗೇ ಫೋನ್ ಮಾಡಿ, 'ನಿಜಾನಾ ಅಣ್ಣಾ?' ಅಂತ ಕೇಳವ್ಳೆ! ಈ ಫೋನ್ ಬಂದ್ಮ್ಯಾಕೆ ನೆಟ್ಟಗೆ ಸಾಯಕ್ಕೂ ಆಗಕಿಲ್ಲ. ಅದ್ಕೇ ಈ ಮನೆಗೆ ಬಂದಿರೋಣಾಂತಿದ್ದೆ. ನೆನ್ನೆ ನಮ್ಮೋಳು ಎಂಗತ್ಲು ನೋಡುದ್ರಲ್ಲ!"

ನನ್ನೆದೆ ಉಬ್ಬಿತು. "ಅಂತೂ ನನ್ನ ಫೋಟೋ..." ಎಂದೆ.

"ಫೋಟೋ ಬುಡಿ ಸಾರ್. ಎಲ್ಲಿ, ನಿಮ್ಮತ್ತೇರು?" ಎಂದವರೇ ತಟ್ಟೆ ಹಿಡಿದು ಒಳಗೆ ನಡೆದರು.

ಸೌಮ್ಯಾ ಬಾಗಿಲಿಗೊರಗಿ ನಗುತ್ತಿದ್ದಳು. ನಾನು ಗೋಣಿಯಿಂದ ಪಾತ್ರೆ ತೆಗೆಯತೊಡಗಿದೆ.

ಆದರೂ ಕೀರ್ತಿ ಹಬ್ಬದೇ ಇರುತ್ತದೆಯೇ? ಮುಂದಿನ ಭಾನುವಾರ ಹಿಂದಿನ ಬೀದಿಯ ನಲ್ಲಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಬಂದು, "ಸಾರ್, ಒಂದು ಫೋಟೋ ತೆಗೀರಿ" ಎಂದ. ಕೊನೆಗೂ ಒಬ್ಬ ಅಭಿಮಾನಿ! ಸಡಗರದಿಂದ ಕ್ಯಾಮೆರಾ ತಂದು ಗೋಡೆಗೆ ನಿಲ್ಲಿಸಿದೆ.

"ಕಾಗೆ ಮುಟ್ಟೈತೆ ಸಾರ್" ಎಂದ ಮೆಲ್ಲಗೆ.

ನಾನು ನಿಟ್ಟುಸಿರು ಬಿಟ್ಟು, "ಹಾಗಾದ್ರೆ ಮುಖ ಸ್ವಲ್ಪ ಸತ್ತೋರ ಥರ ಮಾಡ್ಕೊಳಪ್ಪಾ" ಎಂದೆ.

"ಅದೆಲ್ಲ ಬ್ಯಾಡವಂತೆ ಸಾರ್. ನೀವ್ ತೆಗೆದ್ರೆ ತಾನಾಗೇ ಅಂಗೇ ಬತ್ತದಂತಲ್ಲ!"