ಗಂಡನ ಪಕ್ಕದ ಮೊಳೆ

ನಡುಮನೆಯ ಗೋಡೆಯಲ್ಲಿ, ತೀರಿಕೊಂಡ ಗಂಡನ ಫೋಟೋದ ಪಕ್ಕ, ಒಂದು ಖಾಲಿ ಮೊಳೆ ಇತ್ತು. ಅದು ತಮ್ಮದು ಎಂದು ಅತ್ತೆ ಮಗನಿಗೂ ಸೊಸೆಗೂ ಹೇಳಿಟ್ಟಿದ್ದರು. ತಾವೇ ಸ್ಟೂಲು ಹತ್ತಿ, ಗಂಡನ ಮೊಳೆಯ ಮಟ್ಟಕ್ಕೆ ದಾರ ಹಿಡಿದು ನೋಡಿ, ಒಂದಿಷ್ಟೂ ಓರೆಯಾಗದಂತೆ ಹೊಡೆದದ್ದು. ಅದಕ್ಕೆ ತೂಗಬೇಕಾದ ಫೋಟೋ ಕೂಡ ಕಟ್ಟು ಹಾಕಿಸಿಕೊಂಡು ಟ್ರಂಕಿನಲ್ಲಿ ಸೀರೆಗಳ ಕೆಳಗೆ ತಯಾರಾಗಿ ಮಲಗಿತ್ತು. ಇನ್ನು ಸಾಯುವುದೊಂದೇ ಬಾಕಿ. (ಆ ಕೆಲಸಕ್ಕೇನೂ ಅವಸರವಿರಲಿಲ್ಲ.)

ಅಂಥ ಮೊಳೆಗೆ ಒಂದು ಬೆಳಿಗ್ಗೆ ಸೊಸೆ ತಗಡು ನೇತುಹಾಕಿಬಿಟ್ಟಳು.

ಮನೆಗೆ ಹಳೆಯ ಕಾಲದ ಕಳೆ ಕೊಡುತ್ತೇನೆಂದು ಹೊರಟಿದ್ದಳು ಸೊಸೆ. ಹಿಂದಿನ ಸಿನಿಮಾ ತಾರೆಯರ ಮುಖ ಅಚ್ಚೊತ್ತಿದ ತಗಡಿನ ಫಲಕಗಳು ಪೆಟ್ಟಿಗೆಯಲ್ಲಿ ಬಂದಿಳಿದವು. ಬಾಗಿಲ ಹತ್ತಿರ ಟೋಪಿಯವನು, ಫ್ರಿಜ್ಜಿನ ಮೇಲೆ ಕತ್ತಿಯವನು, ಬಚ್ಚಲ ಬಾಗಿಲಿಗೆ ಕಣ್ಣೀರಿಡುವ ನಾಯಕಿ. ತಗಡು ಹೊಚ್ಚ ಹೊಸದು. ಅಂಚಿಗೆ ಮಾತ್ರ ತುಕ್ಕಿನ ಬಣ್ಣ.

"ತುಕ್ಕು ಹಿಡಿದದ್ದನ್ನ ಯಾಕಮ್ಮ ತಂದೆ?"

"ಅದು ವಿಂಟೇಜ್ ಅತ್ತೆ. ಹಳೇದಾದಷ್ಟೂ ಅಂದ."

"ಹಾಗಿದ್ರೆ ನನ್ನನ್ನೇ ತೂಗುಹಾಕು."

"ಅದಕ್ಕೆ ನೀವೇ ಮೊಳೆ ಹೊಡ್ಕೊಂಡಿದ್ರಲ್ಲ!" ಎಂದು ಸೊಸೆ ನಾಲಿಗೆ ಕಚ್ಚಿಕೊಂಡಳು.

ಆ ಮೊಳೆಯಲ್ಲಿ ತೂಗುತ್ತಿದ್ದವಳಾದರೂ ಯಾರು? ಕೆನ್ನೆಯ ಮೇಲೆ ಮಚ್ಚೆಯಿದ್ದ ಆ ಓರೆನೋಟದ ನಟಿ! ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಗಂಡ ಅವಳ ಒಂದೊಂದು ಸಿನಿಮಾವನ್ನೂ ಮತ್ತೆ ಮತ್ತೆ ನೋಡಿ ಬರುತ್ತಿದ್ದರು. ಅವರು ಬದುಕಿದ್ದಷ್ಟು ದಿನ ಅತ್ತೆ ಅವಳನ್ನು ಕ್ಯಾಲೆಂಡರಿನ ರೂಪದಲ್ಲೂ ಹೊಸಿಲು ದಾಟಲು ಬಿಟ್ಟಿರಲಿಲ್ಲ. ಈಗ ನೋಡಿದರೆ ಮಹಾರಾಣಿ ಗಂಡನ ಹೆಗಲಿಗೆ ಹೆಗಲು ತಾಗಿಸಿ ಪಟ್ಟಕ್ಕೇರಿದ್ದಾಳೆ. ಫೋಟೋದಲ್ಲಿ ಗಂಡನ ಮುಖವೂ ಕೊಂಚ ಗೆಲುವಾದಂತೆ ಕಂಡಿತು.

"ಇಳಿಸೋ ಅದನ್ನ," ಎಂದರು ಮಗನಿಗೆ.

"ಅಮ್ಮ, ನೀನಿನ್ನೂ ಗುಂಡುಕಲ್ಲಿನ ಹಾಗಿದ್ದೀಯ. ಬೇಕಾದಾಗ ಖಾಲಿ ಮಾಡಿಕೊಡ್ತೀವಿ."

"ಬಾಡಿಗೆ ಮನೆಯೇನೋ ಅದು? ಇಳಿಸೋ ತನಕ ನನಗೆ ಊಟ ಬೇಡ."

"ಸರಿ ಮಾರಾಯ್ತಿ, ಸಂಜೆ ಬಂದು ಇಳಿಸ್ತೀನಿ," ಎಂದು ಮಗ ಕೆಲಸಕ್ಕೆ ಹೋದ.

ಮಧ್ಯಾಹ್ನ ಬಾಗಿಲು ತಟ್ಟಿದವರು ಒಬ್ಬ ಮುದುಕರು. ಗಂಡನ ಜೊತೆಗೆ ದುಡಿದ ವೆಲ್ಡರ್ ಅಂತೆ. ಗಂಡ ತೀರಿಕೊಂಡಾಗ ಇವರು ಕಣ್ಣಿನ ಆಪರೇಷನ್ ಆಗಿ ಮಲಗಿದ್ದರಂತೆ. ಅತ್ತೆ ನೀರು ತರಲು ಒಳಗೆ ಹೋದರು. ಬರುವಷ್ಟರಲ್ಲಿ ಮುದುಕರು ಗೋಡೆಯ ಮುಂದೆ ನಿಂತು ಗಳಗಳ ಅಳುತ್ತಿದ್ದರು.

"ಅಯ್ಯೋ, ತಂಗಿಯೂ ಹೋಗಿಬಿಟ್ಟಳಾ!"

"ಯಾವ ತಂಗಿ?" ಸೊಸೆ ಕೇಳಿದಳು.

"ಇವಳೇ ತಾಯಿ, ಅವನ ಹೆಂಡತಿ! ಮಚ್ಚೆ ನೋಡಿದ ಕೂಡಲೇ ಗೊತ್ತಾಯ್ತು. ಜೇಬಲ್ಲಿ ಇವಳ ಫೋಟೋ ಇಟ್ಕೊಂಡು, 'ನನ್ನ ಹೆಂಡತಿ ಕಣೋ' ಅಂತ ತೋರಿಸ್ತಿದ್ದ. ನನಗೊಬ್ಬನಿಗೇ. ಬೇರೆಯವರ ದೃಷ್ಟಿ ತಾಗುತ್ತೆ ಅಂತಿದ್ದ."

"ನೀವು ಸಿನಿಮಾ ನೋಡೋದಿಲ್ವಾ?" ಸೊಸೆಯ ದನಿ ಸಣ್ಣಗಾಗಿತ್ತು.

"ದಿನವೆಲ್ಲ ವೆಲ್ಡಿಂಗ್ ಬೆಳಕು ನೋಡಿದ ಕಣ್ಣು. ಪರದೆ ಮುಂದೆ ಕೂತರೆ ನೀರು ಸುರೀತಿತ್ತು. ಒಂದೂ ನೋಡಿಲ್ಲ ತಾಯಿ. ಮನೆಗೆ ಕರಿಯೋ ಅಂದ್ರೆ, ಅವಳಿಗೆ ನಾಚಿಕೆ ಅಂತಿದ್ದ. ಆದ್ರೆ ಏನು ಕೈರುಚಿ ಈ ತಂಗಿಯದು! ಅವನ ಡಬ್ಬಿಯಲ್ಲಿ ಅರ್ಧ ನಾನೇ ತಿಂದಿದ್ದೀನಿ."

ಅತ್ತೆ ನೀರಿನ ಲೋಟ ಕೆಳಗಿಟ್ಟರು. ಡಬ್ಬಿಯಲ್ಲಿ ಪಾಲು ತಿಂದ ಗೆಳೆಯನನ್ನು ಗಂಡ ಒಮ್ಮೆಯೂ ಮನೆಗೆ ಕರೆತರದ ಗುಟ್ಟು ಈಗ ತಿಳಿಯಿತು. ಒಲೆಯ ಮುಂದೆ ಬೆಂದವಳು ತಾನು, ಹೊಗಳಿಕೆ ಮಾತ್ರ ಆ ಮಚ್ಚೆಯವಳಿಗೆ!

ವೆಲ್ಡರ್ ಕಣ್ಣೊರೆಸಿಕೊಂಡು ಅತ್ತೆಯತ್ತ ತಿರುಗಿದರು. "ನೀವು?"

ಸೊಸೆ ಬಾಯಿ ತೆರೆದಳು. ಅತ್ತೆ ಕಣ್ಣಲ್ಲೇ ತಡೆದರು. ನಿಜ ಹೇಳಿದರೆ ಸತ್ತ ಗಂಡನ ಮಾನ ಹೋಗುತ್ತದೆ. ಅದಾದರೂ ಹೋಗಲಿ, ವೆಲ್ಡರ್ ಆ ಮುಖವನ್ನೊಮ್ಮೆ ನೋಡಿ, ಈ ಮುಖವನ್ನೊಮ್ಮೆ ನೋಡುತ್ತಾರಲ್ಲ!

"ಅಡುಗೆ ಮಾಡ್ತೀನಿ," ಎಂದರು. ಸುಳ್ಳೇನಲ್ಲ.

"ಪುಣ್ಯವಂತೆ. ತಂಗಿ ಹತ್ತಿರ ಕಲಿತಿರ್ತೀರಿ," ಎಂದು ವೆಲ್ಡರ್ ತಗಡಿಗೆ ಇನ್ನೊಮ್ಮೆ ಕೈಮುಗಿದು ಹೊರಟರು.

ಸಂಜೆ ಮಗ ಸ್ಟೂಲು ತಂದ. "ಅವಳಿರಲಿ," ಎಂದರು ಅತ್ತೆ. "ನಿಮ್ಮಪ್ಪನ್ನ ಇಳಿಸು. ಅಡುಗೆಮನೇಲಿ ಒಲೆ ಮೇಲೆ ಹಾಕು. ಇನ್ಮೇಲಾದ್ರೂ ಯಾರು ಬೇಯಿಸ್ತಾರೆ ಅಂತ ನೋಡ್ಲಿ."

"ಪಕ್ಕದಲ್ಲಿ ನಿನಗೊಂದು ಮೊಳೆ?"

"ಬೇಡ."

ಗಂಡ ಒಲೆಯ ಮೇಲೆ ತೂಗಿದರು. ಅತ್ತೆ ಬೇಕೆಂದೇ ಕಿಟಕಿ ಮುಚ್ಚಿ ಹುರಿದರು, ಕರಿದರು. ದಿನ ಕಳೆದಂತೆ ಹೊಗೆಗೂ ಎಣ್ಣೆ ಜಿಡ್ಡಿಗೂ ಫೋಟೋ ಕಂದಿತು, ಅಂಚು ತುಕ್ಕಿನ ಬಣ್ಣಕ್ಕೆ ತಿರುಗಿತು. ಅತ್ತೆಗೆ ಒಳಗೊಳಗೇ ಸಮಾಧಾನ.

ಒಂದು ದಿನ ಸೊಸೆ ಅದರ ಮುಂದೆ ನಿಂತುಬಿಟ್ಟಳು.

"ಅತ್ತೆ, ಇದು ಅಸಲಿ ವಿಂಟೇಜ್! ನಡುಮನೆಗೆ ತಗೊಂಡು ಹೋಗ್ಲಾ? ಅವಳ ಪಕ್ಕಕ್ಕೆ ಈಗ ಹೇಳಿ ಮಾಡಿಸಿದ ಹಾಗಿದೆ."

ಅತ್ತೆ ಬಾಣಲೆಯಿಂದ ಕಣ್ಣೆತ್ತಲಿಲ್ಲ.

"ತಗೊಂಡು ಹೋಗು. ಅವರಿಗೂ ಅದೇ ಬೇಕಾಗಿತ್ತು."