ಒಗಾವಾ ಸಾನ್ ಅವರ ಎಂಜಿನ್ನೂ ನನ್ನ ಮೆಕ್ಯಾನಿಕಲ್ ಪದವಿಯೂ

ನಾನು ಮೆಕ್ಯಾನಿಕಲ್ ಎಂಜಿನಿಯರ್. ಇದು ನನ್ನ ಮಾತಲ್ಲ, ವಿಶ್ವವಿದ್ಯಾಲಯವೇ ಮೊಹರು ಹಾಕಿ ಹೇಳಿದ್ದು. ಕಾಲೇಜಿನಲ್ಲಿ ಎಂಜಿನ್ ಅಂದರೆ ನಮಗೆ ಹದಿನಾರು ಅಂಕದ ಪ್ರಶ್ನೆ. ಚಿತ್ರ ಬರೆದು, ಬಾಣ ಹಾಕಿ, ಭಾಗಗಳ ಹೆಸರು ಬರೆದರೆ ಹನ್ನೆರಡಕ್ಕೆ ಮೋಸವಿಲ್ಲ. ಪಾಸಾದ ಮೇಲೆ ಕ್ಲಾಸಿನ ಮುಕ್ಕಾಲು ಪಾಲು ಜನರ ಹಾಗೆ ನಾನೂ ಸಾಫ್ಟ್‌ವೇರ್ ಕಂಪನಿ ಸೇರಿದೆ. ಅಲ್ಲಿಗೆ ಎಂಜಿನ್ನಿಗೂ ನನಗೂ ಇದ್ದ ಸಂಬಂಧ ಯಾವ ಜಗಳವೂ ಇಲ್ಲದೆ ಮುಗಿಯಿತು.

ಮುಗಿದಿದ್ದು ಮತ್ತೆ ಶುರುವಾದದ್ದು ಕಾವಾಸಾಕಿ ಎಂಬ ಊರಿನಲ್ಲಿ. ಇಸವಿಯ ಕೊನೆಯಲ್ಲಿ ಎರಡು ಸೊನ್ನೆ ಬಂದರೆ ಪ್ರಪಂಚದ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಎಲ್ಲರೂ ಹೆದರಿದ್ದ ಕಾಲ ಅದು. ಆ ಸೊನ್ನೆಗಳನ್ನು ವಿಚಾರಿಸಿಕೊಳ್ಳಲು ಕಂಪನಿ ನನ್ನನ್ನೂ ಹೆಂಡತಿ ಸುಧಾಳನ್ನೂ ಜಪಾನಿಗೆ ಕಳಿಸಿತ್ತು. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ಒಗಾವಾ ಸಾನ್ ಅವರ ತಗಡಿನ ಶೆಡ್ಡು. ಸಾನ್ ಅಂದರೆ ಅಲ್ಲಿ ಹೆಸರಿಗೆ ಸೇರಿಸುವ ಗೌರವ. ಅರವತ್ತು ದಾಟಿದ, ಲೇತ್ ಯಂತ್ರದ ಮುಂದೆಯೇ ಆಯುಷ್ಯ ಕಳೆದ ಮನುಷ್ಯ. ಶೆಡ್ಡಿನೊಳಗೆ ನೀಲಿ ಟಾರ್ಪಾಲಿನ ಕೆಳಗೆ ಒಂದು ಹಳೆಯ ಅಮೆರಿಕನ್ ಕಾರು ಮಲಗಿತ್ತು. ಎಂಟು ಸಿಲಿಂಡರಿನ ದೈತ್ಯ. ಹನ್ನೆರಡು ವರ್ಷದಿಂದ ಕಣ್ಣು ಬಿಟ್ಟಿರಲಿಲ್ಲ.

ಕಸ ವಿಂಗಡಿಸಿ ಇಡುವ ಜಾಗದಲ್ಲಿ ನಮ್ಮ ಪರಿಚಯವಾಯಿತು. ಏನು ಓದಿದ್ದೀರಿ ಎಂದು ಕೇಳಿದರು. ನನ್ನ ಹರುಕುಮುರುಕು ಜಪಾನಿಯಲ್ಲಿ ಮೆಕ್ಯಾನಿಕಲ್ ಎಂದೆ. ಅವರ ಕಣ್ಣು ಅರಳಿತು. ಎಂಜಿನ್ ಗೊತ್ತೇ ಎಂದರು. ಗೊತ್ತು ಎಂದೆ. ಆ ದೇಶದಲ್ಲಿ ಗೊತ್ತು ಅಂದರೆ ನಿಜವಾಗಿಯೂ ಗೊತ್ತು ಅಂತ ಅರ್ಥ. ನಮ್ಮಲ್ಲಿ ಹಾಗೇನೂ ಕಡ್ಡಾಯವಿಲ್ಲವಲ್ಲ!

ಮುಂದಿನ ಶನಿವಾರ ನನಗೆ ಒಂದು ಬೂದು ಬಣ್ಣದ ಮೇಲುಡುಪು ಸಿಕ್ಕಿತು, ಜೊತೆಗೆ ಸಂಗತಿಯ ಗಾಂಭೀರ್ಯವೂ ತಿಳಿಯಿತು. ಒಗಾವಾ ಸಾನ್ ಹೆಂಡತಿ ಕಜುಕೋ ಸಾನ್ ಗಡುವು ಕೊಟ್ಟುಬಿಟ್ಟಿದ್ದರು. ನವೆಂಬರಿನಲ್ಲಿ ಸರ್ಕಾರದ ವಾಹನ ತಪಾಸಣೆ. ಅದರೊಳಗೆ ಕಾರು ಎದ್ದು ಓಡಿ ಪಾಸಾಗಬೇಕು, ಇಲ್ಲವಾದರೆ ಮಾರನೇ ದಿನ ಗುಜರಿ ಲಾರಿ ಬರುತ್ತದೆ. ಇದಕ್ಕೆ ಒಗಾವಾ ಸಾನ್ ಒಪ್ಪಿ ತಲೆಬಾಗಿಸಿದ್ದರು. ಅವರಿಗೆ ರೇಸು ಬೇಕಿರಲಿಲ್ಲ. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದಾಗ ಈ ಕಾರು ಒಮ್ಮೆ ಗುಡುಗಿ ಮುಂದೆ ಹೋಗಬೇಕು, ಅಷ್ಟೇ. ಅದಕ್ಕೆಂದೇ ವಾಲ್ವುಗಳನ್ನು ಹೊತ್ತುಹೊತ್ತಿಗೆ ತೆರೆಯುವ ಹೊಸ ಕ್ಯಾಮ್ ಶಾಫ್ಟನ್ನು ತಾವೇ ಮಸೆದಿದ್ದರು, ದೊಡ್ಡ ಕಾರ್ಬುರೇಟರ್ ತರಿಸಿದ್ದರು.

ಸ್ಪ್ಯಾನರ್ ಹಿಡಿದರೆ ನನ್ನ ಬಣ್ಣ ಬಯಲಾಗುತ್ತದೆ ಎಂಬುದು ಮೊದಲ ದಿನವೇ ನನಗೆ ಹೊಳೆಯಿತು. ಹಾಗಾಗಿ ನಾನು ನಮ್ಮ ಕಂಪನಿಯ ಬ್ರಹ್ಮಾಸ್ತ್ರ ತೆಗೆದೆ. ಪ್ರೋಸೆಸ್! ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ, ಪ್ರತಿ ಚೀಟಿಗೂ ಒಂದು ಪಟ್ಟಿ, ಆ ಪಟ್ಟಿಗೆ ಇನ್ನೊಂದು ಪಟ್ಟಿ. ಒಗಾವಾ ಸಾನ್ ಬಿಚ್ಚುವರು, ನಾನು ಬರೆಯುವೆನು. ಅವರ ಕೈ ಕಪ್ಪಾದಷ್ಟೂ ನನ್ನ ಫೈಲು ದಪ್ಪವಾಯಿತು.

ಹದಿನಾರು ವಾಲ್ವುಗಳು ಹೊರಬಂದ ದಿನ ಅವನ್ನು ಕ್ರಮ ತಪ್ಪದಂತೆ ಇಡಲು ತಟ್ಟೆ ಬೇಕಾಯಿತು. ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಗುಳಿ. ಅಂಥದ್ದೊಂದು ವಸ್ತು ನಮ್ಮ ಅಡುಗೆಮನೆಯಲ್ಲೇ ಇತ್ತು! ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದ ಇಡ್ಲಿ ಸ್ಟ್ಯಾಂಡು. ಒಗಾವಾ ಸಾನ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಭಾರತದಲ್ಲಿ ಮನೆಮನೆಯಲ್ಲೂ ವಾಲ್ವ್ ತಟ್ಟೆ ಇರುತ್ತದೆಯೇ ಎಂದು ಬೆರಗಾದರು. ನಾನು ಅಲ್ಲಗಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹಿಟ್ಟು ಉಬ್ಬಿ ಕೂತಿದೆ, ಸ್ಟ್ಯಾಂಡಿಲ್ಲ. ಸುಧಾ ಹುಡುಕುತ್ತಾ ಶೆಡ್ಡಿಗೇ ಬಂದಳು. ಗುಳಿಗೊಂದರಂತೆ ಎಣ್ಣೆಯಲ್ಲಿ ನೆಂದ ವಾಲ್ವುಗಳನ್ನು ನೋಡಿ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಮೂರು ವಾರ ದಿನಾ ಉಪ್ಪಿಟ್ಟು. ವಿಷಯ ತಿಳಿದ ಒಗಾವಾ ಸಾನ್ ಕೊನೆಗೆ ಸ್ಟೀಲಿನ ನಾಲ್ಕು ತಟ್ಟೆಗಳನ್ನು ತಮ್ಮ ಲೇತಿನಲ್ಲೇ ಮಾಡಿ, ಬಟ್ಟೆಯಲ್ಲಿ ಸುತ್ತಿ ತಂದು ಅವಳ ಮುಂದಿಟ್ಟರು. ಅವುಗಳಲ್ಲಿ ಬೇಯಿಸಿದ ಇಡ್ಲಿಗಳಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅಂದಿನಿಂದ ಸುಧಾ ಅವರ ಪಕ್ಷ.

ತಪಾಸಣೆಗೆ ಎರಡು ದಿನ ಉಳಿದಾಗ ಎಂಜಿನ್ ಸಿದ್ಧವಾಯಿತು. ಎಂಟು ಸ್ಪಾರ್ಕ್ ಪ್ಲಗ್ಗುಗಳಿಗೆ ಹೋಗುವ ಎಂಟು ವೈರುಗಳಲ್ಲೂ ನನ್ನ ಅಂದವಾದ ಚೀಟಿಗಳು. ಅದರಂತೆ ಒಗಾವಾ ಸಾನ್ ಒಂದೊಂದನ್ನೇ ಜೋಡಿಸಿದರು. ಕಜುಕೋ ಸಾನ್ ಬಾಗಿಲಲ್ಲಿ ನಿಂತಿದ್ದರು. ಒಗಾವಾ ಸಾನ್ ಕೀಲಿ ತಿರುಗಿಸಿದರು.

ಢಮಾರ್! ಕಾರ್ಬುರೇಟರಿನ ಬಾಯಿಂದ ಮೊಳದುದ್ದದ ಬೆಂಕಿ ಎದ್ದು, ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ನನ್ನ ಎಡ ಹುಬ್ಬನ್ನು ತೆಗೆದುಕೊಂಡು ಹೋಯಿತು. ಬೀದಿಯ ಜನರೆಲ್ಲ ಹೊರಬಂದರು. ಠಾಣೆಯಿಂದ ಪೊಲೀಸಪ್ಪ ಸೈಕಲ್ಲಿನಲ್ಲಿ ಬಂದ. ನಾನು ಮನೆಮನೆಗೂ ಹೋಗಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಬಗ್ಗಿ ಬಗ್ಗಿ, ಕೊನೆಗೆ ಒಂದು ಅಂಚೆ ಡಬ್ಬಿಗೂ ಬಗ್ಗಿದೆ.

ಸಂಜೆಯವರೆಗೆ ನಾಲ್ಕು ಸಲ ಪ್ರಯತ್ನ ಮಾಡಿದೆವು. ನಾಲ್ಕು ಸಲವೂ ಢಮಾರ್. ಒಗಾವಾ ಸಾನ್ ಮೆಲ್ಲಗೆ ಟೋಪಿ ತೆಗೆದರು.

"ಕ್ಯಾಮ್ ಶಾಫ್ಟ್ ಮಸೆದವನು ನಾನು. ತಪ್ಪು ನನ್ನ ಕೈಯದು. ನಿಮ್ಮ ಇಷ್ಟು ಶನಿವಾರಗಳು ಹಾಳಾದವು, ಕ್ಷಮಿಸಿ" ಎಂದು ನನಗೆ ಸೊಂಟದವರೆಗೆ ಬಗ್ಗಿದರು. ನಲವತ್ತು ವರ್ಷ ತಪ್ಪದ ಕೈ ಅದು. ಅದನ್ನು ಅವರು ತಮ್ಮದಲ್ಲವೆಂಬಂತೆ ನೋಡುತ್ತಿದ್ದರು. ಒಳಗೆ ಕಜುಕೋ ಸಾನ್ ಗುಜರಿಯವನ ಫೋನ್ ನಂಬರ್ ಇದ್ದ ಚೀಟಿ ಹುಡುಕುತ್ತಿದ್ದರು.

ಆಗ ಸುಧಾ ಕಾಫಿ ತಂದಳು. ಲೋಟ ಇಡಲು ಜಾಗ ಹುಡುಕುತ್ತಾ ಎಂಜಿನ್ನಿನ ಮೇಲೆ ಬಗ್ಗಿದವಳು ಹಾಗೇ ನಿಂತಳು.

"ಅಲ್ರೀ, ಎಂಟು ವೈರ್ ಅಂದ್ರಿ. ಚೀಟಿ ಏಳಕ್ಕೇ ಮುಗ್ದಿದೆಯಲ್ಲ?"

"ಸೊನ್ನೆಯಿಂದ ಶುರು ಕಣೇ" ಎಂದೆ, ಪಾಠ ಹೇಳುವ ದನಿಯಲ್ಲಿ. "ಪ್ರೋಗ್ರಾಮಿಂಗ್‌ನಲ್ಲಿ ಯಾವಾಗ್ಲೂ..."

ವಾಕ್ಯ ಅಲ್ಲಿಗೇ ನಿಂತಿತು. ನನ್ನ ಸೊನ್ನೆ ಅಂದರೆ ಅವರ ಒಂದನೇ ಸಿಲಿಂಡರು, ನನ್ನ ಒಂದು ಅವರ ಎರಡು. ಒಗಾವಾ ಸಾನ್ ಒಂದನ್ನು ಒಂದಕ್ಕೆ, ಏಳನ್ನು ಏಳಕ್ಕೆ ಹಾಕಿ, ಉಳಿದ ಸೊನ್ನೆಯನ್ನು ಉಳಿದ ಎಂಟಕ್ಕೆ ಸಿಕ್ಕಿಸಿದ್ದರು. ಎಂಟಕ್ಕೆ ಎಂಟೂ ತಪ್ಪು ಹೊತ್ತಿಗೆ ಕಿಡಿ ಕಾರುತ್ತಿದ್ದವು. ಎರಡು ಸೊನ್ನೆಗಳನ್ನು ಸರಿಮಾಡಲು ವಿಮಾನ ಹತ್ತಿ ಬಂದವನು ಮೂರನೆಯದನ್ನು ಕೈಯಾರೆ ಅಂಟಿಸಿದ್ದೆ!

ಒಪ್ಪಿಕೊಂಡೆ. ಒಪ್ಪದೆ ಇರಲು, ಅವರು ತೆಗೆದ ಆ ಟೋಪಿ ಬಿಡಲಿಲ್ಲ. ಸೊನ್ನೆ ಕಂಡಾಗ ಯಾಕೆ ಕೇಳಲಿಲ್ಲ ಎಂದು ಮಾತ್ರ ಅವರನ್ನು ವಿಚಾರಿಸಿದೆ.

"ಸೊನ್ನೆ ನಿಮ್ಮ ದೇಶದ್ದಲ್ಲವೇ?" ಎಂದರು ಒಗಾವಾ ಸಾನ್. "ಗೌರವಕ್ಕೆಂದು ಎಂಟರ ಜಾಗವನ್ನು ಅದಕ್ಕೆ ಬಿಟ್ಟುಕೊಡುತ್ತೀರೇನೋ ಅಂದುಕೊಂಡೆ. ಸಂಪ್ರದಾಯವನ್ನು ಹೇಗೆ ಪ್ರಶ್ನಿಸುವುದು?"

ಹತ್ತು ನಿಮಿಷದಲ್ಲಿ ವೈರುಗಳು ಬದಲಾದವು. ಕೀಲಿ ತಿರುಗಿತು. ಎಂಜಿನ್ ಒಮ್ಮೆ ಕೆಮ್ಮಿ, ಆಮೇಲೆ ಎದೆಗೂಡು ನಡುಗುವಂತೆ ಗುಡುಗತೊಡಗಿತು. ಒಗಾವಾ ಸಾನ್ ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಹೊಗೆಯಿಂದ ಎಂದು ಸುಧಾಳಿಗೆ ಹೇಳಿದೆ. ನಡುಗುವ ತಗಡನ್ನು ಒಂದು ಕೈಯಲ್ಲಿ ಹಿಡಿದ ಕಜುಕೋ ಸಾನ್ ಮೆಲ್ಲಗೆ ಕೈ ತೆಗೆದು ಒಳಗೆ ಹೋದರು.

ತಪಾಸಣೆಗೆ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಆಶ್ಚರ್ಯವೆಂದರೆ ಕಜುಕೋ ಸಾನ್ ಕೂಡ ಒಳ್ಳೆಯ ಕೋಟು ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಹೊಗೆ, ಸದ್ದು, ಬ್ರೇಕು ಎಲ್ಲ ಪಾಸು. ಕೊನೆಗೆ ಬಿಳಿ ಕೈಗವಸಿನ ಅಧಿಕಾರಿ ಎಂಜಿನ್ ಸಂಖ್ಯೆ ನೋಡಬೇಕೆಂದು ಹೇಳಿ, ಇದನ್ನು ಕಟ್ಟಿದವರು ಯಾರು ಎಂದರು. ಒಗಾವಾ ಸಾನ್ ಹೆಮ್ಮೆಯಿಂದ ನನ್ನನ್ನು ಮುಂದೆ ತಳ್ಳಿದರು. ಭಾರತದ ಮೆಕ್ಯಾನಿಕಲ್ ಎಂಜಿನಿಯರ್!

"ದಯವಿಟ್ಟು ಬಾನೆಟ್ ತೆರೆಯಿರಿ" ಎಂದರು ಅಧಿಕಾರಿ.

ನಾಲ್ಕು ತಿಂಗಳು ಆ ಕಾರಿನ ಜೊತೆ ಬಾಳಿದವನು ನಾನು. ಆದರೆ ಆ ನಾಲ್ಕೂ ತಿಂಗಳು ಬಾನೆಟ್ ಶೆಡ್ಡಿನ ಗೋಡೆಗೆ ಒರಗಿಕೊಂಡಿತ್ತು. ಸ್ಟಿಯರಿಂಗ್ ಕೆಳಗೆ ಕೈಹಾಕಿ ಒಂದು ಗುಬುಟು ಎಳೆದೆ, ವೈಪರ್ ಆಡಿತು. ಇನ್ನೊಂದನ್ನು ಒತ್ತಿದೆ, ದೀಪ ಹತ್ತಿತು. ಮೂರನೆಯದು ನನ್ನ ಕೈಗೇ ಬಂತು.

ಕಜುಕೋ ಸಾನ್ ಇಳಿದು ಬಂದರು. ಕೋಟಿನ ತೋಳು ತುಸು ಸರಿಸಿ, ಮುಂಭಾಗದ ಜಾಲರಿಯ ಕೆಳಗೆ ನೋಡದೆಯೇ ಎರಡು ಬೆರಳು ತೂರಿಸಿ ಮೀಟಿದರು. ಬಾನೆಟ್ ತೆರೆದುಕೊಂಡಿತು.

"ಮದುವೆಯಾದ ಹೊಸದರಲ್ಲಿ ಬೆಟ್ಟ ಹತ್ತುವಾಗಲೆಲ್ಲ ಇದು ಬಿಸಿಯಾಗುತ್ತಿತ್ತು" ಎಂದರು. "ನೀರು ಹಾಕುತ್ತಿದ್ದವಳು ನಾನೇ."

ಒಗಾವಾ ಸಾನ್ ಹೆಂಡತಿಯನ್ನೇ ನೋಡುತ್ತಾ ನಿಂತುಬಿಟ್ಟರು. ಅಧಿಕಾರಿ ಅವರಿಬ್ಬರಿಗೂ ತಲೆಬಾಗಿಸಿ ಪಾಸ್ ಎಂದು ಬರೆದರು. ಆಮೇಲೆ ನನ್ನ ಕಡೆ ತಿರುಗಿ, ಕೈಯಲ್ಲಿದ್ದ ಗುಬುಟನ್ನೂ ಇಲ್ಲದ ಹುಬ್ಬನ್ನೂ ನೋಡಿ, ಸ್ವಲ್ಪ ಪಕ್ಕಕ್ಕೆ ನಿಲ್ಲಲು ಸಾಧ್ಯವೇ ಎಂದು ಅತ್ಯಂತ ವಿನಯದಿಂದ ಕೇಳಿಕೊಂಡರು.